ಜಲಪಾತ ಎಲ್ಲರದು, ದಾರಿ ಯಾರದು?

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ನಮ್ಮ ಘಟ್ಟದ ಊರೊಂದರ ದಣಪೆಯ ಮುಂದೆ ಬಸ್ಸೊಂದು ಬಂದು ನಿಂತಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳ ನಲವತ್ತೆಂಟು ವಿದ್ಯಾರ್ಥಿಗಳು, ಮೂವರು ಉಪಾಧ್ಯಾಯರು. ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದರು. ಅವರಿಗೆ ಬೇಕಾಗಿದ್ದುದು ತೋಟದಾಚೆ, ಸೊಪ್ಪಿನ ಬೆಟ್ಟ ದಾಟಿ, ಒಂದೂವರೆ ತಾಸು ನಡೆದರೆ ಸಿಗುವ ಜಲಪಾತ. ದಣಪೆಗೆ ಹೊಸ ಬೀಗ ಬಿದ್ದಿತ್ತು. ‘ಖಾಸಗಿ ಜಾಗ, ಪ್ರವೇಶವಿಲ್ಲ’ ಎಂಬ ಹಲಗೆಯ ಬಣ್ಣ ಇನ್ನೂ ಹಸಿಯಾಗಿಯೇ ಇತ್ತು. ಒಂದು ಗಂಟೆಯ ಮಾತುಕತೆ, ಅರ್ಧ ಗಂಟೆಯ ಜಗಳ, ಕೊನೆಗೆ ಬಸ್ಸು ತಿರುಗಿತು. ನನಗೆ ಸುದ್ದಿ ತಲುಪಿ ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಮಕ್ಕಳು ಬಸ್ಸು ಹತ್ತುತ್ತಿದ್ದರು. ಅವರಲ್ಲೊಬ್ಬ ಹುಡುಗ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ನಾವು ನೀರ ನೋಡಾಕ ಬಂದೇವ್ರಿ ಸರ್, ಅಡಕಿ ಕದಿಯಾಕ ಅಲ್ಲ.”

ವಾರದ ನಂತರ ಆ ಉಪಾಧ್ಯಾಯರಲ್ಲಿ ಹಿರಿಯರೊಬ್ಬರು ನಮ್ಮ ಬಳಗಕ್ಕೆ ಕಾಗದ ಬರೆದರು. ‘ಪರಿಸರ ಉಳಿಸಿ ಎಂದು ನೀವು ನಮಗೆ ಪತ್ರಿಕೆ ಕಳಿಸುತ್ತೀರಿ, ನಮ್ಮ ಮಕ್ಕಳು ಓದುತ್ತಾರೆ. ಆ ಪರಿಸರವನ್ನು ನೋಡಲು ಬಂದಾಗ ಬೀಗ ಹಾಕುತ್ತೀರಿ. ನೀರು ನಿಮ್ಮಪ್ಪನ ಆಸ್ತಿಯೇ?’ ಎಂಬುದು ಅದರ ಸಾರ. ಕಾಗದದಲ್ಲಿ ಸಿಟ್ಟಿತ್ತು, ಅದಕ್ಕೆ ಕಾರಣವೂ ಇತ್ತು. ಅದನ್ನು ಬಳಗದ ಸಭೆಯಲ್ಲಿ ಓದಿದಾಗ ಕೆಲವರು ಉಪಾಧ್ಯಾಯರ ಪರ ನಿಂತರು, ಹೆಚ್ಚಿನವರು ತೋಟದವರ ಪರ. ಈ ಸಂಚಿಕೆಯ ಸಂಪಾದಕೀಯವನ್ನು ಆ ಕಾಗದಕ್ಕೆ ಉತ್ತರವಾಗಿಯೇ ಬರೆಯುತ್ತಿದ್ದೇನೆ. ಜಲಪಾತದ ಹೆಸರನ್ನು ಮಾತ್ರ ಬರೆಯುವುದಿಲ್ಲ. ಹೆಸರು ಹರಡಿದ್ದರಿಂದಲೇ ಆ ಬೀಗ ಬಿದ್ದದ್ದು.

ಮೊದಲು ಕಾನೂನಿನ ಮಾತು, ಏಕೆಂದರೆ ಎರಡೂ ಕಡೆಯವರು ಅದನ್ನು ಅರ್ಧಂಬರ್ಧ ತಿಳಿದೇ ವಾದಿಸಿದರು. ನೀರು ಯಾರಪ್ಪನ ಆಸ್ತಿಯೂ ಅಲ್ಲ ಎಂಬುದು ನಿಜ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೆಯ ಪ್ರಕರಣದ ಪ್ರಕಾರ, ಖಾಸಗಿಯವರ ಸ್ವತ್ತೆಂದು ಸಿದ್ಧವಾಗದ ಹೊಳೆ, ಹಳ್ಳ, ಕೆರೆಗಳು, ಸಾರ್ವಜನಿಕ ರಸ್ತೆಗಳು ಸರ್ಕಾರಕ್ಕೆ ಸೇರಿದವು. ಆದರೆ ನೀರಿನ ಹಕ್ಕು ಬೇರೆ, ನೀರಿನವರೆಗೆ ನಡೆಯುವ ಹಕ್ಕು ಬೇರೆ. ಗ್ರಾಮನಕಾಶೆಯಲ್ಲಿ ಬಂಡಿದಾರಿಯೋ ಕಾಲುದಾರಿಯೋ ಗುರುತಾಗಿದ್ದರೆ ಅದನ್ನು ಮುಚ್ಚಲು ಯಾರಿಗೂ ಅಧಿಕಾರವಿಲ್ಲ. ನಕಾಶೆಯಲ್ಲಿ ಇಲ್ಲದಿದ್ದರೆ 1882ರ ಅನುಭೋಗ ಹಕ್ಕುಗಳ ಅಧಿನಿಯಮದತ್ತ ನೋಡಬೇಕು. ಇಪ್ಪತ್ತು ವರ್ಷ ಬಹಿರಂಗವಾಗಿ, ತಂಟೆಯಿಲ್ಲದೆ, ಹಕ್ಕೆಂದೇ ಭಾವಿಸಿ ನಡೆದ ದಾರಿ ಹಕ್ಕಾಗುತ್ತದೆ ಎನ್ನುವುದು ಅದೇ ಕಾಯಿದೆ. ಆದರೆ ಆ ಹಕ್ಕು ಅಂಟಿಕೊಳ್ಳುವುದು ಜಮೀನಿಗೆ. ತನ್ನ ಹೊಲಕ್ಕೋ ಮನೆಗೋ ಹೋಗಲು ನೆರೆಯವನ ನೆಲ ದಾಟುವ ರೈತನಿಗಾಗಿ ಹುಟ್ಟಿದ ಹಕ್ಕು ಅದು. ನೋಡಿ ಹೋಗಲು ಬರುವ ಪ್ರವಾಸಿಗೆ ಅಲ್ಲಿ ಜಮೀನೇ ಇಲ್ಲವಾದ್ದರಿಂದ ಆತ ನೂರು ಸಲ ಬಂದರೂ ಈ ಕಾಯಿದೆಯಡಿ ದಾರಿಯ ಹಕ್ಕು ಗಳಿಸಲಾರ.

ತೋಟದ ಮಾಲೀಕರಿಗೆ ಈ ಸಂಗತಿ ಗೊತ್ತಿರಲಿಲ್ಲ. ‘ಒಂದು ಸಲ ಬಿಟ್ಟರೆ ಮುಂದೆ ಅವರದೇ ದಾರಿಯಾಗುತ್ತದೆ, ಪಂಚಾಯಿತಿಯವರು ಬಂದು ಜಲ್ಲಿ ಹಾಕುತ್ತಾರೆ’ ಎಂಬ ಭಯವೇ ಆ ಬೀಗದ ಅರ್ಧ ಕಾರಣ. ಅನುಮತಿ ಕೊಟ್ಟು ಬಿಟ್ಟ ದಾರಿ ಹಕ್ಕಿನ ದಾರಿಯಾಗುವುದಿಲ್ಲ. ಸಾಮಾನ್ಯವಾಗಿ ಕೊಟ್ಟವನು ಹಿಂತೆಗೆದುಕೊಳ್ಳಬಹುದು. ಕೇಳದೆ ನುಗ್ಗುವುದನ್ನು ಸುಮ್ಮನೆ ಸಹಿಸುವುದಕ್ಕಿಂತ, ಕೇಳಿದವರಿಗೆ ಅನುಮತಿ ಕೊಡುವುದೇ ಮಾಲೀಕನಿಗೆ ಹೆಚ್ಚು ಕ್ಷೇಮ. ಮಲೆನಾಡಿನ ಸಣ್ಣ ಹಿಡುವಳಿದಾರರು ಈ ಒಂದು ವಾಕ್ಯವನ್ನಾದರೂ ನೆನಪಿಡಬೇಕೆಂದು ನನ್ನ ಕೋರಿಕೆ.

ನಮ್ಮವರ ಇನ್ನೊಂದು ಮಾತನ್ನೂ ತಿದ್ದಬೇಕಾಗಿದೆ. ತೋಟ ಖಾಸಗಿ, ಸರಿ. ಅದರ ಮೇಲಿನ ಸೊಪ್ಪಿನ ಬೆಟ್ಟ? ಉತ್ತರ ಕನ್ನಡದ ಘಟ್ಟದ ಮೇಲೆ ಎಕರೆ ಅಡಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯವಿದೆ. ಸೊಪ್ಪು, ದರಕು, ಕಟ್ಟಿಗೆ ತರುವ ಸೌಲಭ್ಯವದು, ಒಡೆತನವಲ್ಲ. ‘ನಮ್ಮ ಬೆಟ್ಟ’ ಎಂದು ಮೂರು ತಲೆಮಾರು ಹೇಳಿಕೊಂಡು ಬಂದ ಮಾತ್ರಕ್ಕೆ ಅದು ನಮ್ಮ ಪಹಣಿಗೆ ಇಳಿಯುವುದಿಲ್ಲ. ಆ ಬೆಳಿಗ್ಗೆ ‘ಇಲ್ಲಿಂದ ಗುಡ್ಡದ ತುದಿಯವರೆಗೂ ನಮ್ಮದೇ’ ಎಂದು ಉಪಾಧ್ಯಾಯರಿಗೆ ಹೇಳಿದ್ದು ಸುಳ್ಳಲ್ಲದಿದ್ದರೂ ಪೂರ್ತಿ ಸತ್ಯವೂ ಅಲ್ಲ.

ಹಾಗಾದರೆ ಬೀಗ ತಪ್ಪೇ? ನಾನು ಆ ತೋಟವನ್ನು ಇಪ್ಪತ್ತು ವರ್ಷಗಳಿಂದ ಬಲ್ಲೆ. ಎರಡು ಎಕರೆಯ ಹಿಡುವಳಿ. ಗಂಡ, ಹೆಂಡತಿ, ವಯಸ್ಸಾದ ತಾಯಿ. ಮಗ ಬೆಂಗಳೂರಿನಲ್ಲಿ. ಹಳ್ಳಕ್ಕೆ ಅಡಕೆ ಮರದ ಎರಡು ತುಂಡು ಅಡ್ಡ ಹಾಕಿದ ಸಂಕವನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅವರೇ ಬದಲಿಸುತ್ತಾರೆ. ಮೂರು ವರ್ಷಗಳ ಹಿಂದೆ ಯಾರೋ ಆ ಜಲಪಾತದ ಚಿತ್ರವನ್ನು ಮೊಬೈಲಿನಲ್ಲಿ ಹರಿಬಿಟ್ಟರು. ಮರುವಾರ ಹದಿನೈದು ಕಾರು. ಸಂಕ ಮುರಿಯಿತು. ಏಲಕ್ಕಿ ಗಿಡಗಳ ನಡುವೆ ಬಿಯರ್ ಬಾಟಲಿ. ಮನೆಗೆ ಬರುವ ಅಬ್ಬಿ ನೀರು ಒಂದು ಭಾನುವಾರ ಸಾಬೂನಿನ ನೊರೆಯಾಗಿ ಬಂತು. ಬಯಲುಸೀಮೆಯ ಓದುಗರಿಗಾಗಿ ಹೇಳುವುದಾದರೆ, ಅಬ್ಬಿ ಎಂದರೆ ಮೇಲಿನ ಝರಿಯಿಂದ ಮನೆಯ ಹಿತ್ತಿಲವರೆಗೆ ತಾನಾಗಿ ಹರಿದು ಬರುವ ನೀರು. ಹಿಂದೆ ಅಡಕೆ ಮರ ಸೀಳಿದ ದಬ್ಬೆಗಳಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ. ಕುಡಿಯಲು, ಅಡಿಗೆಗೆ, ದನಕ್ಕೆ ಅದೊಂದೇ. ಪ್ರವಾಸಿಗೆ ಅದು ಸ್ನಾನದ ಗುಂಡಿ. ಕೆಳಗಿನ ಮನೆಗೆ ಅದು ಬಾವಿ. ನಿಮ್ಮೂರಿನ ಸೇದುವ ಬಾವಿಗೆ ಇಳಿದು ಯಾರಾದರೂ ಸಾಬೂನು ಹಚ್ಚಿಕೊಂಡರೆ ಸಿಂದಗಿಯಲ್ಲಾಗಲಿ ಇಂಡಿಯಲ್ಲಾಗಲಿ ಏನಾಗುತ್ತಿತ್ತೆಂದು ಉಪಾಧ್ಯಾಯರಿಗೆ ನಾನು ವಿವರಿಸಬೇಕಿಲ್ಲ.

ನನ್ನ ವೃತ್ತಿಗೆ ಸೇರಿದ ಮಾತೊಂದಿದೆ. ಅದನ್ನು ಪ್ರವಾಸದ ಪುಸ್ತಕಗಳು ಎಂದೂ ಬರೆಯುವುದಿಲ್ಲ. ಜಲಪಾತ ತುಂಬಿ ಚೆಲುವಾಗಿರುವುದು ಜುಲೈನಿಂದ ಸೆಪ್ಟೆಂಬರ್‌ವರೆಗೆ. ಅಡಕೆಗೆ ಕೊಳೆರೋಗ, ಕಾಳುಮೆಣಸಿಗೆ ಸೊರಗು ರೋಗ ಬರುವುದೂ ಅದೇ ತಿಂಗಳುಗಳಲ್ಲಿ. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆ ಕಟ್ಟಿದ ಲೆಸ್ಲಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಶಿಲೀಂಧ್ರವನ್ನು ವಿವರವಾಗಿ ಅಭ್ಯಸಿಸಿ ಬರೆದರು. ಅಂದಿನಿಂದ ಇಂದಿನವರೆಗೂ ನಾವು ಶೇಕಡಾ 1ರ ಬೋರ್ಡೋ ದ್ರಾವಣವನ್ನೇ, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣವನ್ನೇ, ನೆಚ್ಚಿಕೊಂಡಿದ್ದೇವೆ. ಕೊಳೆಯಾದರೂ ಮುಖ್ಯವಾಗಿ ಮಳೆಹನಿಯ ಎರಚಲಿನಿಂದ ಹರಡುತ್ತದೆ. ಮೆಣಸಿನ ಸೊರಗು ರೋಗದ ಶಿಲೀಂಧ್ರ ಹಸಿ ಮಣ್ಣಿನಲ್ಲಿ ಇರುತ್ತದೆ, ಹರಿವ ನೀರಿನಲ್ಲಿ ಸಾಗುತ್ತದೆ, ಬೂಟಿನ ಅಡಿಗೆ ಮೆತ್ತಿಕೊಂಡು ಒಂದು ತೋಟದಿಂದ ಇನ್ನೊಂದಕ್ಕೆ ನಡೆಯುತ್ತದೆ. ರೋಗ ಬಿದ್ದ ತೋಟದಿಂದ ಬಂದ ಕೂಲಿಯವರನ್ನು ಕಾಲು ತೊಳೆಯದೆ ಒಳಗೆ ಬಿಡಬೇಡಿ ಎಂದು ನಾವು ರೈತರಿಗೆ ಪಾಠ ಹೇಳುತ್ತೇವೆ. ಅದೇ ದಿನ ನಾಲ್ಕು ಜಲಪಾತ ಮುಗಿಸುವ ಆತುರದಲ್ಲಿ ನಾಲ್ಕು ತೋಟ ತುಳಿದು ಬಂದ ಐವತ್ತು ಜೊತೆ ಬೂಟುಗಳನ್ನು ಏನು ಮಾಡಬೇಕು? ಹತ್ತು ವರ್ಷ ಸಾಕಿದ ಮೆಣಸಿನ ಬಳ್ಳಿ ಎರಡು ಮೂರು ವಾರದಲ್ಲಿ ಒಣಗಿ ಜೋತುಬೀಳುವುದನ್ನು ಕಂಡವರಿಗೆ ಆ ಬೀಗದ ಅರ್ಥ ಬೇಗ ಆಗುತ್ತದೆ.

ಡಿಸೆಂಬರಿನಲ್ಲಿ ಮಣ್ಣು ಒಣಗಿರುತ್ತದೆ, ಆ ಅಪಾಯ ಕಡಿಮೆ. ಆಗ ಬೇರೆ ಸಂಗತಿಗಳಿವೆ. ಅದು ಕೊಯ್ಲಿನ ಕಾಲ. ಕೊನೆಗೌಡ ಮರದ ತುದಿಯಲ್ಲಿರುತ್ತಾನೆ, ಅಡಕೆಗೊನೆ ಹಗ್ಗದಗುಂಟ ಜಾರಿ ಬರುತ್ತಿರುತ್ತದೆ. ಕೆಳಗೆ ಹಗ್ಗ ಹಿಡಿದವನ ಕಣ್ಣು ಒಂದು ಕ್ಷಣ ತಪ್ಪುವಂತಿಲ್ಲ. ಆ ಹೊತ್ತಿನಲ್ಲಿ ಮಕ್ಕಳ ಸಾಲು ತೋಟದೊಳಗೆ ಹಾದುಹೋಗುವುದನ್ನು ನಾನಾಗಿದ್ದರೂ ಒಪ್ಪುತ್ತಿರಲಿಲ್ಲ. ಜೊತೆಗೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಪತ್ತೆಯಾದ ಈ ರೋಗ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಅದು ಎಷ್ಟು ಮನೆಗಳನ್ನು ಕಾಡಿತೆಂಬುದು ಈ ಪತ್ರಿಕೆಯ ಓದುಗರಿಗೆ ನೆನಪಿದೆ. ಡಿಸೆಂಬರಿನಿಂದ ಮೇವರೆಗೆ ಬೆಟ್ಟದ ದರಕಿನಲ್ಲಿ ಎಳೆಯ ಉಣ್ಣೆಗಳು ಕಾದಿರುತ್ತವೆ. ನಮ್ಮ ಹೆಂಗಸರು ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು ದರಕು ಗುಡಿಸಲು ಹೋಗುತ್ತಾರೆ. ಮುದ್ದೇಬಿಹಾಳದಿಂದ ಬಂದ ಹುಡುಗನಿಗೆ ಉಣ್ಣೆಯ ಪರಿಚಯವಿಲ್ಲ. ಊರಿಗೆ ಹೋಗಿ ಏಳೆಂಟು ದಿನಕ್ಕೆ ಜ್ವರ ಬಂದರೆ ಅಲ್ಲಿನ ವೈದ್ಯರಿಗೆ ಈ ರೋಗದ ಸಂಶಯವೂ ಬರಲಿಕ್ಕಿಲ್ಲ.

ಖಾಸಗಿ ತೋಟದ ಮೂಲಕ ಜಲಪಾತಕ್ಕೆ ಹೋಗುವುದು ಕರ್ನಾಟಕಕ್ಕೆ ಹೊಸದಲ್ಲ. ಮಡಿಕೇರಿಯ ಅಬ್ಬಿಗೆ ಕಾಫಿ ತೋಟದ ನಡುವಿನ ಮೆಟ್ಟಿಲಿಳಿದೇ ಹೋಗಬೇಕು. ಕೆಮ್ಮಣ್ಣುಗುಂಡಿಯ ಕಡೆಯ ಹೆಬ್ಬೆಗೂ, ಚಿಕ್ಕಮಗಳೂರಿನ ಅತ್ತಿಗುಂಡಿ ಬಳಿಯ ಝರಿಗೂ ಕಾಫಿ ತೋಟ ದಾಟಿಯೇ ದಾರಿ. ಅಲ್ಲಿ ಜೀಪುಗಳ ವ್ಯಾಪಾರ ಬೆಳೆಯಿತು. ಅಬ್ಬಿಯಲ್ಲಿ ಬೇಲಿ, ಅಂಗಡಿ, ಎದುರಿಗೆ ತೂಗುಸೇತುವೆ ಬಂದವು. ಅದೇ ಮಾದರಿ ಎಂದು ಪ್ರವಾಸೋದ್ಯಮದವರು ಹೇಳುತ್ತಾರೆ. ನನಗೆ ಹಾಗೆನ್ನಿಸುವುದಿಲ್ಲ. ನೂರಾರು ಎಕರೆಯ ಎಸ್ಟೇಟು ಒಂದು ದಾರಿ ಬಿಟ್ಟುಕೊಡುವುದಕ್ಕೂ ಎರಡು ಎಕರೆಯವನು ತನ್ನ ಅಂಗಳವನ್ನೇ ಬಿಟ್ಟುಕೊಡುವುದಕ್ಕೂ ಹೋಲಿಕೆಯೇ ಇಲ್ಲ.

ಇನ್ನು ಹೊರದೇಶದ ಮಾತು. ಸಭೆಯಲ್ಲಿ ಒಬ್ಬ ವಿದ್ಯಾರ್ಥಿ ಮಿತ್ರ ಇಂಗ್ಲೆಂಡಿನ ಕಿಂಡರ್ ಸ್ಕೌಟ್ ಬೆಟ್ಟದ ಉದಾಹರಣೆ ಕೊಟ್ಟ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ಕಾರ್ಮಿಕ ಯುವಕರು, ಶ್ರೀಮಂತರು ಬೇಟೆಗಾಗಿ ಕಾದಿರಿಸಿಕೊಂಡಿದ್ದ ಆ ಬೆಟ್ಟವನ್ನು ಬೇಕೆಂದೇ ಹತ್ತಿದರು. ಐವರು ಜೈಲಿಗೆ ಹೋದರು. ಬಹುಕಾಲದ ನಂತರ, 2000ದಲ್ಲಿ, ಅಂಥ ಬಯಲು ಬೆಟ್ಟಗಳಲ್ಲಿ ಕಾಲ್ನಡಿಗೆಯ ಹಕ್ಕು ಕಾಯಿದೆಯಾಯಿತು. ಸ್ಕಾಟ್ಲೆಂಡ್ 2003ರಲ್ಲಿ ಇನ್ನೂ ವಿಶಾಲವಾದ ಹಕ್ಕು ಕೊಟ್ಟಿತು. ಸ್ವೀಡನ್ನಿನಲ್ಲಿ ಅದು ಹಳೆಯ ರೂಢಿಯೇ. ಕೇಳಲು ಚೆನ್ನಾಗಿದೆ, ನನಗೂ ಆ ಯುವಕರ ಬಗ್ಗೆ ಗೌರವವಿದೆ. ಆದರೆ ಈ ಮೂರೂ ಕಡೆ ಬೆಳೆ ನಿಂತ ನೆಲ ಮತ್ತು ಮನೆಯಂಗಳ ಆ ಹಕ್ಕಿನ ಹೊರಗಿವೆ. ಅಲ್ಲಿ ತೆರೆದದ್ದು ಧಣಿಗಳ ಬೇಟೆಯ ಬೆಟ್ಟ, ಬಡರೈತನ ಹಿತ್ತಿಲಲ್ಲ. ನಮ್ಮ ಅಡಕೆ ತೋಟವನ್ನು ಆ ಕಾಯಿದೆಗಳ ಮುಂದಿಟ್ಟರೂ ಅದು ಹೊರಗೇ ಉಳಿಯುತ್ತಿತ್ತು.

ಇಷ್ಟಾದರೂ ‘ಯಾರೂ ಬರಬೇಡಿ’ ಎಂಬ ನಮ್ಮ ಬಳಗದ ಕೆಲವರ ನಿಲುವನ್ನು ನಾನು ಒಪ್ಪಲಾರೆ. ಕಾರಣಗಳನ್ನು ಹೇಳುತ್ತೇನೆ.

ನೀರಿಗೆ ಹೋಗುವ ದಾರಿಯನ್ನು ಮುಚ್ಚುವುದಕ್ಕೆ ಈ ದೇಶದಲ್ಲಿ ಒಳ್ಳೆಯ ಚರಿತ್ರೆ ಇಲ್ಲ. 1927ರಲ್ಲಿ ಮಹಾಡದ ಚವದಾರ ಕೆರೆಗೆ ಅಂಬೇಡ್ಕರರು ಜನರನ್ನು ಕರೆದುಕೊಂಡು ಹೋಗಿ ನೀರು ಮುಟ್ಟಬೇಕಾಯಿತು. ಬಂದ ಮಕ್ಕಳಲ್ಲಿ ಯಾರ ಅಜ್ಜ ಯಾವ ಬಾವಿಯ ಕಟ್ಟೆಯಿಂದ ದೂರ ನಿಂತಿದ್ದನೋ ನಮಗೆ ತಿಳಿಯದು. ಬೀಗ ಹಾಕಿದವರ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ, ಅದನ್ನು ನಾನು ಬಲ್ಲೆ. ಆದರೆ ಹಲಗೆಯನ್ನು ಓದುವವನಿಗೆ ನಮ್ಮ ಮನಸ್ಸು ಕಾಣಿಸುವುದಿಲ್ಲ, ಬೀಗ ಕಾಣಿಸುತ್ತದೆ.

ಇನ್ನೊಂದು ಮಾತಿದೆ, ಅದು ನಮ್ಮವರಿಗೆ ಕಹಿ. ವಿಜಯಪುರ ಜಿಲ್ಲೆಯ ಜನ ಘಟ್ಟಕ್ಕೂ ಕರಾವಳಿಗೂ ಬರುವುದು ಇದು ಮೊದಲಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಅಲ್ಲಿನ ಸಂಸಾರಗಳು ಗೋವೆಗೆ, ಮಂಗಳೂರು, ಉಡುಪಿಗಳಿಗೆ ಗುಳೆ ಹೋಗುತ್ತವೆ. ನಮ್ಮ ಊರುಗಳ ರಸ್ತೆ, ಕಟ್ಟಡ, ಕಾಲುವೆಯ ಕೆಲಸಕ್ಕೂ ಬರುತ್ತವೆ. ಪಿಕಾಸಿ ಹಿಡಿದು ಬಂದಾಗ ಇದೇ ದಣಪೆ ತೆರೆದಿತ್ತು. ಆಗ ಯಾರೂ ಹೆಸರು ಕೇಳಲಿಲ್ಲ. ಅವರ ಮಕ್ಕಳು ಕಾಲೇಜಿಗೆ ಸೇರಿ, ಒಂದು ದಿನ ಬರಿಗೈಯಲ್ಲಿ ನೀರು ನೋಡಲು ಬಂದರೆ ಬೀಗವೇ? ಆ ಸೀಮೆಯ ವಾರ್ಷಿಕ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು; ನಮ್ಮಲ್ಲಿ ಜುಲೈ ಒಂದೇ ತಿಂಗಳು ಅದನ್ನು ಮೀರಿಸುವುದುಂಟು. ಭೀಮೆ ಇಂಡಿ, ಸಿಂದಗಿಗಳ ಅಂಚಿನಲ್ಲಿ ಹರಿಯುತ್ತಾಳೆ, ಕೃಷ್ಣೆ ಬಾಗೇವಾಡಿ, ಮುದ್ದೇಬಿಹಾಳಗಳ ಕಡೆ. ಎರಡೂ ಹುಟ್ಟುವುದು ಇದೇ ಸಹ್ಯಾದ್ರಿಯ ಬೆನ್ನಿನಲ್ಲಿ, ಮಹಾರಾಷ್ಟ್ರದ ಭೀಮಾಶಂಕರ, ಮಹಾಬಳೇಶ್ವರಗಳ ಬಳಿ. ಅಲ್ಲಿನವರು ಘಟ್ಟದ ನೀರಿಗೆ ಪರಕೀಯರಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರು, ಹೊಲ ಬಿಟ್ಟುಕೊಟ್ಟ ಸಂಸಾರಗಳು ಆ ಸೀಮೆಯಲ್ಲಿ ಎಷ್ಟೋ ಇವೆ. ‘ಖಾಸಗಿ ಜಾಗ’ ಎಂಬ ಹಲಗೆ ಅವರನ್ನು ಉಳಿಸಲಿಲ್ಲ.

ಒಣಬೇಸಾಯದ ಕೆಲಸದ ಮೇಲೆ ಆ ಹೊಲಗಳಲ್ಲಿ ಕೆಲವು ವರ್ಷ ತಿರುಗಾಡಿದವನು ನಾನು. ಅಲ್ಲಿಯ ರೂಢಿಯೊಂದನ್ನು ಇಲ್ಲಿ ಹೇಳಲೇಬೇಕು. ಬಿಳಿಜೋಳ ಎದೆಯುದ್ದ ನಿಂತಾಗ ಇಂಡಿಯ ಎರೆಹೊಲದಲ್ಲಿ ಅನ್ಯರು ಕಾಲಿಡುವುದಿಲ್ಲ. ಬದುವಿನ ಮೇಲೆ ಮಾತ್ರ ನಡಿಗೆ. ಎಳ್ಳ ಅಮಾವಾಸ್ಯೆಯ ದಿನ ಮಾತ್ರ ಆ ಹೊಲಕ್ಕೇ ಬುತ್ತಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲಿ, ಬಂಧುಬಳಗವನ್ನಷ್ಟೇ ಅಲ್ಲ, ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಉಣಿಸುತ್ತಾರೆ. ನನ್ನನ್ನು ಹಾಗೆ ಕರೆದವರ ಹೆಸರೂ ನನಗೆ ಗೊತ್ತಿರಲಿಲ್ಲ. ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ಬಡಿಸಿದರು. ಮುಂದೆ ಸೀತನಿಯ ಕಾಲಕ್ಕೆ ಮತ್ತೆ ಕರೆದರು. ಜೋಳ ಕೊಯ್ದ ಮೇಲೆ ಹೊಲ ಬಯಲು, ಯಾರು ಬೇಕಾದರೂ ದಾಟಬಹುದು. ನೆಲ ಒಬ್ಬನದೇ, ಆದರೆ ಕಾಲಕ್ಕೊಂದು ಕಟ್ಟಳೆ. ಕರೆದಾಗ ಹೋಗುವುದು, ಬೆಳೆ ನಿಂತಾಗ ಬದು ಬಿಟ್ಟು ಇಳಿಯದಿರುವುದು. ಉಪಾಧ್ಯಾಯರಿಗೆ ನನ್ನ ಉತ್ತರದ ಒಂದು ಭಾಗ ಅವರ ಊರಿನಲ್ಲೇ ಇದೆ. ಡಿಸೆಂಬರಿನ ಅಡಕೆ ತೋಟ ಎಂದರೆ ಎದೆಯುದ್ದ ನಿಂತ ಜೋಳ.

ನಮ್ಮವರಿಗೂ ಹೇಳುವುದಿದೆ. ಸಿದ್ದಾಪುರ ತಾಲೂಕಿನ ಉಂಚಳ್ಳಿ ಜಲಪಾತವನ್ನು 1845ರಲ್ಲಿ ಲಷಿಂಗ್ಟನ್ ಎಂಬ ಜಿಲ್ಲಾಧಿಕಾರಿ ‘ಕಂಡುಹಿಡಿದ’ನೆಂದು ಪುಸ್ತಕಗಳು ಬರೆದು ಅವನ ಹೆಸರನ್ನೇ ಇಟ್ಟವು. ಅಘನಾಶಿನಿ 116 ಮೀಟರ್ ಧುಮುಕುವ ಸದ್ದಿಗೆ ನಮ್ಮವರು ಅದನ್ನು ಕೆಪ್ಪ ಜೋಗವೆಂದು ಕರೆಯುತ್ತಿದ್ದರು. ಈ ಕಥೆಯನ್ನು ಹೇಳಿ ನಾವು ನಗುತ್ತೇವೆ. ಅದೇ ಮೊಬೈಲಿನಲ್ಲಿ ‘ಯಾರೂ ನೋಡದ ಜಲಪಾತ’ ಎಂದು ಚಿತ್ರ ಹಾಕಿದವರು ಈ ಸಲ ಹೊರಗಿನವರೇನೂ ಅಲ್ಲ, ನಮ್ಮ ಊರಿನ ಹುಡುಗರು.

ಅಪಾಯದ ಹೊಣೆಯೂ ಇಲ್ಲಿಯವರ ಮೇಲೇ ಬೀಳುತ್ತದೆ. 2023ರ ಜುಲೈಯಲ್ಲಿ ಕೊಲ್ಲೂರು ಸಮೀಪದ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತ ಯುವಕನೊಬ್ಬ ಜಾರಿ ಕೊಚ್ಚಿಹೋದದ್ದನ್ನು ಇಡೀ ನಾಡು ಮೊಬೈಲಿನಲ್ಲಿ ನೋಡಿತು. ಇಂಥ ಕಡೆಗಳಲ್ಲಿ ಹಗ್ಗ ಹಿಡಿದು ಮೊದಲು ನೀರಿಗಿಳಿಯುವವರು ಸುತ್ತಲಿನ ಹಳ್ಳಿಯವರೇ. 2024ರ ಜನವರಿಯಲ್ಲಿ ಕುಮಾರಪರ್ವತದ ಜನಜಂಗುಳಿ ಕಂಡ ಮೇಲೆ ಸರ್ಕಾರ ಚಾರಣಗಳನ್ನು ಸ್ವಲ್ಪಕಾಲ ನಿಲ್ಲಿಸಿ, ಸಂಖ್ಯೆಗೆ ಮಿತಿ ಹಾಕಿ ಆನ್‌ಲೈನ್ ನೋಂದಣಿ ತಂದಿತು. ಅದು ಅರಣ್ಯ ಇಲಾಖೆಯ ದಾರಿಗಳಿಗೆ. ತೋಟದ ನಡುವಿನ ದಾರಿಗೆ ಕಾವಲು ಎಂದರೆ ಆ ಮನೆಯ ಅಜ್ಜಿ ಮಾತ್ರ. ಹಾಗೆಯೇ, 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಹೋಗುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ನಮ್ಮ ಮಕ್ಕಳು ಶಾಲೆಗೆ ಹೋಗುವ ಸಂಕಕ್ಕೆ ಇಲ್ಲದ ಹಣ, ಪ್ರವಾಸಿ ತಾಣವೆಂದು ಘೋಷಣೆಯಾದೊಡನೆ ಜಲಪಾತದ ಮೆಟ್ಟಿಲಿಗೆ ಹುಟ್ಟಿಕೊಳ್ಳುತ್ತದೆ. ಈ ಕಾರಣಕ್ಕೇ ನಾನು ‘ಪ್ರವಾಸಿ ತಾಣ’ ಎಂಬ ಘೋಷಣೆಗೆ ವಿರೋಧಿ. ಬರುವವರಿಗೆ ವಿರೋಧಿಯಲ್ಲ.

ಎರಡು ಭಾನುವಾರ ಆ ತೋಟದ ಮನೆಯ ಜಗುಲಿಯಲ್ಲಿ ಕೂತು ಮಾತಾಡಿದೆವು. ಉಪಾಧ್ಯಾಯರ ಕಾಗದವನ್ನು ಓದಿ ಹೇಳಿದಾಗ ಮಾಲೀಕರು ಬಹಳ ಹೊತ್ತು ಸುಮ್ಮನಿದ್ದು, “ಆ ಮಕ್ಕಳ ಮೇಲೆ ನಂಗೆ ಸಿಟ್ಟಿಲ್ಲ ಮಾರಾಯ್ರೆ, ಒಂದು ಮಾತು ಕೇಳಿ ಬಂದಿದ್ದರೆ ಆಗಿತ್ತು” ಎಂದರು. ಕೊನೆಗೆ ನಿಂತ ಮಾತು ಇಷ್ಟು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರಿಗೂ ದಾರಿಯಿಲ್ಲ. ಕೊಯ್ಲಿನ ದಿನಗಳಲ್ಲೂ ಇಲ್ಲ. ಉಳಿದ ಕಾಲದಲ್ಲಿ ಹದಿನೈದು ದಿನ ಮುಂಚೆ ಕಾಗದ ಬರೆದು ಕೇಳಿದ ಶಾಲಾ ಕಾಲೇಜುಗಳಿಗೆ, ದಿನಕ್ಕೊಂದು ತಂಡ, ಇಪ್ಪತ್ತು ಮಂದಿಗೆ ಮೀರದಂತೆ. ಊರಿನ ಇಬ್ಬರು ಜೊತೆಗೆ ಹೋಗುತ್ತಾರೆ, ಅವರಿಗೆ ದಿನಗೂಲಿ ಕೊಡಬೇಕು. ಮಾಲೀಕರು ದಾರಿಗೆ ಹಣ ಬೇಡವೆಂದಿದ್ದಾರೆ. ದಣಪೆಯ ಬಳಿ ಬೂಟು, ಚಪ್ಪಲಿಗಳ ಮಣ್ಣು ತೊಳೆಯಬೇಕು. ಅಬ್ಬಿಯ ಪೈಪಿಗಿಂತ ಮೇಲೆ ಯಾರೂ ನೀರಿಗೆ ಇಳಿಯುವಂತಿಲ್ಲ. ಮಂಗ ಸತ್ತ ಸುದ್ದಿ ಬಂದರೆ ಆ ವರ್ಷದ ಭೇಟಿ ರದ್ದು. ಚಿತ್ರ ತೆಗೆಯಬಹುದು, ಊರಿನ ಹೆಸರು ಹಾಕಬಾರದು. ಈ ಕೊನೆಯ ಕಟ್ಟಳೆ ನಿಲ್ಲುತ್ತದೆಂಬ ನಂಬಿಕೆ ನನಗೆ ಅಷ್ಟಾಗಿ ಇಲ್ಲ. ಮಾಲೀಕರ ತಾಯಿ ಹಟ ಹಿಡಿದದ್ದರಿಂದ ಸೇರಿಸಿದೆವು. ಸೊಪ್ಪಿನ ಬೆಟ್ಟದ ಭಾಗಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಕೇಳಿ ಗ್ರಾಮ ಅರಣ್ಯ ಸಮಿತಿಯ ಮೂಲಕ ಅರ್ಜಿ ಹೋಗಿದೆ.

ಉಪಾಧ್ಯಾಯರಿಗೆ ಇದನ್ನೆಲ್ಲ ಬರೆದಿದ್ದೆ. ಮೊನ್ನೆ ಉತ್ತರ ಬಂತು. ಒಪ್ಪಿಗೆ ಸಿಕ್ಕರೆ ಕೊಯ್ಲು ಮುಗಿದ ಮೇಲೆ, ಮಾರ್ಚ್ ಮೊದಲ ವಾರ, ಮೂರು ತಂಡಗಳಲ್ಲಿ ಮೂರು ದಿನ ಬರುತ್ತಾರಂತೆ. ಆಗ ನೀರು ಸಣ್ಣದಾಗಿರುತ್ತದೆಂದು ಮೊದಲೇ ತಿಳಿಸಿದ್ದೇನೆ. ‘ಸಣ್ಣದಿದ್ದರೂ ಆದೀತು, ನಮ್ಮಲ್ಲಿ ಅದೂ ಇಲ್ಲ’ ಎಂದು ಬರೆದಿದ್ದಾರೆ. ತೋಟದವರಿಗೆ ಇಂಡಿಯ ನಿಂಬೆಯ ಎರಡು ಸಸಿ ತರುವುದಾಗಿಯೂ ಹೇಳಿದ್ದಾರೆ. ನಮ್ಮ ಮಳೆಗೆ ಆ ನಿಂಬೆ ಕಷ್ಟ, ಆದರೂ ಬೇಡವೆನ್ನಲಿಲ್ಲ. ಸಂಕದ ಕೆಲಸ ಬಾಕಿಯಿದೆ. ಎರಡು ಹಳೆಯ ಅಡಕೆ ಮರ ಕಡಿದು ಒಣಗಿಸಿದ್ದಾರೆ, ಕೈಹಿಡಿಕೆಗೆ ಬಿದಿರು ಬೇಕು. ಫೆಬ್ರವರಿಯ ಕೊನೆಯ ಭಾನುವಾರ ಬೆಳಿಗ್ಗೆ ಎಂಟಕ್ಕೆ ದಣಪೆಯ ಬಳಿ ಸೇರೋಣ. ಬರುವವರು ಕತ್ತಿ ತನ್ನಿ; ಮಧ್ಯಾಹ್ನದ ಊಟ ತೋಟದವರ ಮನೆಯಲ್ಲಿ.